ಪಕ್ಕದ ಕುರ್ಚಿಯ ಮೇಲಿನ ಚೀಲ

ಶಶಿಕಲಾ,

ಎಂಟರ ಬಸ್ಸಿಗೆ ಬೀರೂರಿನ ಕ್ಯಾನ್ಸರ್ ತಪಾಸಣೆ ಶಿಬಿರಕ್ಕೆ ಹೊರಟೆ, ಒಬ್ಬಳೇ. ಜೊತೆಗೆ ಬನ್ನಿ ಅಂತ ನಿನ್ನೆ ಹನ್ನೊಂದು ಮನೆಗೆ ಹೋಗಿ ಹೆಂಗಸರನ್ನು ಕರೆದೆ. "ಅಲ್ಲಿಗೆ ಹೋದ್ರೆ ಊರೋರು ಕಾಯಿಲೆ ಬಂದೈತೆ ಅಂತಾರೆ ಕಣೇ" ಎಂದು ಎಲ್ಲರೂ ಜಾರಿಕೊಂಡರು.

ಅತ್ತೆಯ ಅಂಬಲಿ ಒಲೆಯ ಮೇಲಿದೆ, ಉಪ್ಪು ಹಾಕಿಲ್ಲ. ಕರುವನ್ನು ಬಿಸಿಲಿಗೆ ಕಟ್ಟಬೇಡ.

ನಿನ್ನ ಎದೆಯ ಗಂಟಿನ ವಿಷಯ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. "ಮೊದ್ಲು ನೀನು ಹೋಗಿ ಬಾ ಅಕ್ಕಾ, ಆಮೇಲೆ ನೋಡಾಣ" ಅಂದೆಯಲ್ಲ, ಅದಕ್ಕೇ ಹೋಗುತ್ತಿದ್ದೇನೆ. ನನಗೂ ಭಯವಿದೆ ಕಣೇ.

ನಿನ್ನ ಆಧಾರ್ ಕಾರ್ಡು ಅಕ್ಕಿ ಡಬ್ಬದ ಮೇಲಿದೆ. ಹನ್ನೊಂದಕ್ಕೆ ಇನ್ನೊಂದು ಬಸ್ಸಿದೆ, ಮೂರರವರೆಗೂ ನೋಡುತ್ತಾರಂತೆ. ಬಸ್ಸಿನಲ್ಲಿ ಸೀಟು ಹಿಡಿಯುವ ಹಾಗೆ ಅಲ್ಲಿ ನನ್ನ ಪಕ್ಕದ ಕುರ್ಚಿಯ ಮೇಲೆ ನನ್ನ ಚೀಲ ಇಟ್ಟಿರುತ್ತೇನೆ. ಯಾರು ಕೇಳಿದರೂ "ಜನ ಇದಾರೆ, ಬತ್ತಾರೆ" ಅನ್ನುತ್ತೇನೆ.

ವನಜಕ್ಕ