ಕುಣಿಯದ ವಾಲಗ ಬೇಕೆಂದವರಿಗೆ

ಪೇಟೆಯಲ್ಲಿ ಸಭೆಗೂ ವಾದ್ಯಕ್ಕೂ ಅನುಮತಿ ದಯಪಾಲಿಸುವ ಅಧಿಕಾರಿಗಳಿಗೆ,

ಮಾನ್ಯರೇ,

ಮೂರ್ನಾಡು ಪೇಟೆಯ ಎಲ್ಲೆಯೊಳಗೆ ವಾಲಗ, ಡೋಲು, ತಪ್ಪಟೆ, ಕೊಂಬು ಯಾವುದನ್ನೂ ನುಡಿಸಕೂಡದೆಂದು ತಾವು ಹೊರಡಿಸಿರುವ ಆಜ್ಞೆಯನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ. ನಾನು ಕೇಳುವುದು ಇಷ್ಟೇ, ಉಳಿದದ್ದೆಲ್ಲ ಹೊಟ್ಟೆಯುರಿ. ಬರುವ ಸಂತೆ ದಿನದೊಳಗೆ ತಾವು ಇದನ್ನು ಮಾಡದೆ ಹೋದರೆ ನಮ್ಮ ಪೇಟೆಯ ಸಿದ್ದ ಇನ್ನು ಈ ಜನ್ಮದಲ್ಲಿ ವಾಲಗ ಮುಟ್ಟುವುದಿಲ್ಲ. ಅದೇಕೆಂದು ಮುಂದೆ ಹೇಳುತ್ತೇನೆ. ಇದನ್ನು ತಮ್ಮೆದುರು ನಿಂತು ಹೇಳಬೇಕೆಂದು ಕಚೇರಿಗೆ ಅಲೆದಲೆದು ನನ್ನ ಚಪ್ಪಲಿ ಸವೆಯಿತು. ಸಾಹೇಬರು ಕ್ಯಾಂಪು, ಸಾಹೇಬರು ಊಟಕ್ಕೆ, ಸಾಹೇಬರು ಮೀಟಿಂಗು. ಪತ್ರಿಕೆಯನ್ನಾದರೂ ತಾವು ಬೆಳಿಗ್ಗೆ ಓದುತ್ತೀರಿ ಎಂದು ತಮ್ಮ ಜವಾನನೇ ಹೇಳಿದ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಯಾರೆಂದರೆ, ಬಸ್ಸು ನಿಲ್ಲುವ ಜಾಗದ ಎದುರಿಗೆ ಕಾಫಿ ಹೋಟೆಲು ಇಟ್ಟ ಕೂಸಪ್ಪ. ತಾವು ಒಮ್ಮೆ ನನ್ನಲ್ಲಿಂದ ಕಾಫಿ ತರಿಸಿ ಕುಡಿದು, ಕಾಫಿ ಬೆಳೆಯುವ ನಾಡಿನಲ್ಲಿ ಇಂಥ ಕಾಫಿಯೇ ಎಂದಿರಂತೆ. ಆ ವಿಷಯದಲ್ಲಿ ತಮ್ಮ ಮಾತನ್ನು ಒಪ್ಪಿಕೊಂಡಿದ್ದೇನೆ. ಸಂಗೀತದ ಬಗ್ಗೆಯೂ ನನಗೆ ಏನೂ ಗೊತ್ತಿಲ್ಲ, ಆದರೆ ಸಂತೆಯ ಸಂಜೆ ಈ ಪೇಟೆಯಲ್ಲಿ ವಾದ್ಯ ಕೇಳಿಸುತ್ತಿದ್ದರೆ ಅದು ನನ್ನ ಕೆಲಸವಾಗಿತ್ತು. ಹೋಟೆಲಿನ ಪಕ್ಕದ ಮಟ್ಟಸ ಜಾಗವನ್ನು ನಾನೇ ಗುಡಿಸಿ ನೀರು ಹಾಕಿಸುತ್ತಿದ್ದೆ. ಈ ವಾರ ಯಾರ ಮೇಳ ಎಂದು ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದು ನೇತುಹಾಕುತ್ತಿದ್ದೆ. ಬಸ್ಸಿನ ಕಂಡಕ್ಟರುಗಳು ಅದನ್ನು ಓದಿಕೊಂಡು ಅಮ್ಮತ್ತಿಯವರೆಗೂ ಕೂಗಿಕೊಂಡು ಹೋಗುತ್ತಿದ್ದರು. ಎಸ್ಟೇಟಿನ ಕೂಲಿ ಲೈನುಗಳಿಂದ ತಮಿಳಿನ ಹುಡುಗರು ತಪ್ಪಟೆ ತರುತ್ತಿದ್ದರು. ಮಾಪಿಳ್ಳೆಯವರು ದಫ್ ಹಿಡಿದು ಬರುತ್ತಿದ್ದರು. ಮಿಲಿಟರಿ ಬ್ಯಾಂಡಿನಲ್ಲಿದ್ದು ಪಿಂಚಣಿ ಪಡೆದು ಬಂದ ದೇರಪ್ಪ, ಮನೆಯಲ್ಲಿ ಊದಿದರೆ ಹೆಂಡತಿ ಬೈಯುತ್ತಾಳೆಂದು ಕಾರ್ನೆಟ್ಟು ತಂದು ಇಲ್ಲಿ ಊದುತ್ತಿದ್ದ. ಶನಿವಾರಸಂತೆಯ ಕಡೆಯಿಂದಲೂ ಒಂದು ಮೇಳ, ಬರುವುದಕ್ಕೆ ಬಸ್ಸಿದೆ, ಹೋಗುವುದಕ್ಕಿಲ್ಲ ಎಂದು ಗೊತ್ತಿದ್ದೂ ಬಂದು, ನನ್ನ ಜಗಲಿಯಲ್ಲೇ ಮಲಗಿ ಹೋಗಿತ್ತು.

ಎಲ್ಲರದೂ ಮುಗಿದ ಮೇಲೆ ಕೊನೆಗೆ ನಮ್ಮವರು. ಸಿದ್ದ ವಾಲಗ ಊದುವವನು, ಮುತ್ತ ಡೋಲು ಬಡಿಯುವವನು. ಆ ವಾಲಗ ಶುರುವಾದರೆ ಸಾಕು, ನಮ್ಮ ಜನ ನಿಂತಲ್ಲಿ ನಿಲ್ಲುವುದಿಲ್ಲ ಸ್ವಾಮಿ. ಎಸ್ಟೇಟಿನ ಲೆಕ್ಕ ಬರೆಯುವ ರೈಟರೂ ಲೈನಿನ ಆಳೂ ಒಂದೇ ಸುತ್ತಿನಲ್ಲಿ ಕುಣಿಯುವುದನ್ನು ತಾವು ಇನ್ನೆಲ್ಲಿ ನೋಡಿದ್ದೀರಿ? ನಾನೂ ಕುಣಿಯುತ್ತಿದ್ದೆ, ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ. ಅದು ಬೇಡದ ಗದ್ದಲವೆಂದು ತಮ್ಮ ಆಜ್ಞೆಯಲ್ಲಿ ಬರೆದಿದೆ. ಬೇಡ ಎಂದು ತಮ್ಮ ಹತ್ತಿರ ಬಂದು ಹೇಳಿದವರು ಯಾರು? ಒಬ್ಬನ ಹೆಸರು ಹೇಳಿ, ನಾನು ಹೋಟೆಲು ಮುಚ್ಚಿಕೊಂಡು ಹೋಗುತ್ತೇನೆ.

ಈಗ ಈ ಆಜ್ಞೆಗೆ ಕಾರಣವಾದ ದಿನದ ವಿಷಯ. ಮೇಲಿನಿಂದ ದೊಡ್ಡವರೊಬ್ಬರು ನಮ್ಮ ಪೇಟೆಗೆ ಬರುವವರಿದ್ದರು, ಸ್ವಾಗತಕ್ಕೆ ಸ್ಥಳೀಯ ವಾದ್ಯ ಇರಲಿ ಎಂದು ತಾವೇ ಅಪ್ಪಣೆ ಕೊಡಿಸಿದ್ದಿರಿ. ಅದಕ್ಕೆ ನಾವೆಲ್ಲ ಎಷ್ಟು ಹಿಗ್ಗಿದ್ದೆವು ಗೊತ್ತೆ? ಕೊಡಗು ಮೈಸೂರಿಗೆ ಸೇರಿ ಇನ್ನೂ ಎರಡು ವರ್ಷ ತುಂಬಿಲ್ಲ, ಹೊಸ ಸರ್ಕಾರಕ್ಕೆ ನಮ್ಮ ವಾಲಗ ಬೇಕಾಯಿತಲ್ಲ ಎಂದು ನಾನು ಆ ದಿನ ಬಂದವರಿಗೆಲ್ಲ ಬಿಟ್ಟಿ ಕಾಫಿ ಕೊಟ್ಟೆ. ದೊಡ್ಡವರು ಬರುವ ಹಿಂದಿನ ದಿನ ತಮ್ಮ ಕಚೇರಿಯ ಗುಮಾಸ್ತರು ನನ್ನ ಹೋಟೆಲಿಗೆ ಬಂದರು. ಸಿದ್ದನೂ ಮುತ್ತನೂ ಜಗಲಿಯಲ್ಲೇ ಇದ್ದರು. ನಡೆದ ಮಾತನ್ನು ನಾನು ಕಿವಿಯಾರೆ ಕೇಳಿದಂತೆ ಬರೆಯುತ್ತೇನೆ.

"ಸಾಹೇಬ್ರು ಖಂಡಿತವಾಗಿ ಹೇಳಿದಾರೆ ಕಣಯ್ಯ. ಈ ಕುಣಿಯೋದು ಗಿಣಿಯೋದು ಏನೂ ಬೇಡ. ದೊಡ್ಡೋರು ಬರ್ತಿದಾರೆ. ಒಬ್ಬನೂ ಕಾಲು ಅಲ್ಲಾಡಿಸಬಾರದು, ಅಂಥದ್ದು ನುಡಿಸ್ಬೇಕು. ನಿಧಾನವಾಗಿ, ಗಂಭೀರವಾಗಿ."

ಸಿದ್ದ ಕೈಮುಗಿದು ಕೇಳಿದ: "ಯಾರೂ ಕುಣೀಬಾರ್ದಾ ಸ್ವಾಮಿ?"

"ಯಾರೂ ಕುಣೀಬಾರ್ದು."

"ಮದುವೇದು ಬೇಡ್ವಾ?"

"ಬೇಡಾಂದ್ರೆ ಬೇಡ."

"ಹಂಗಾದ್ರೆ ಇನ್ನೊಂದೇ ಉಂಟು ಸ್ವಾಮಿ. ಆದ್ರೆ ಅದು..."

"ಯಾವುದಿದೆಯೋ ಅದನ್ನ ನುಡಿಸಯ್ಯಾ. ನಂಗೆ ಬೇರೆ ಕೆಲ್ಸ ಇಲ್ವಾ?"

ಮಾನ್ಯರೇ, ನಮ್ಮ ಸಿದ್ದನ ವಾಲಗ ಎರಡೇ ಬಗೆ. ಒಂದು ಸಂತೋಷದ್ದು, ಅದಕ್ಕೆ ಜನ ಕುಣಿಯುತ್ತಾರೆ. ಇನ್ನೊಂದು ಹೆಣ ಎತ್ತುವಾಗಿನದು, ಅದಕ್ಕೆ ಯಾರೂ ಕುಣಿಯುವುದಿಲ್ಲ. ಗುಮಾಸ್ತರು ಹೋದ ಮೇಲೆ ಮುತ್ತ ಬೆರಗಾಗಿ, "ಬರೋರಿಗೆ ಅದನ್ನ ಊದೋದಾ ಮಾರಾಯ?" ಎಂದ. ಸಿದ್ದ, "ಸರ್ಕಾರದೋರು ಓದಿದೋರು. ಅವರ ಕಡೆ ಹಿಂಗೇ ಇರ್ಬೇಕು. ನಮಗೆಂತ ಗೊತ್ತು?" ಎಂದ. ತಮ್ಮ ಮೇಲೆ ಇಷ್ಟು ನಂಬಿಕೆ ಇಟ್ಟ ಮನುಷ್ಯ ಈ ಜಿಲ್ಲೆಯಲ್ಲಿ ಇನ್ನೊಬ್ಬ ಸಿಕ್ಕಲಾರ.

ಮಾರನೆಯ ದಿನ ಜೀಪು ಬಂತು, ದೊಡ್ಡವರು ಇಳಿದರು, ವಾಲಗ ಎದ್ದಿತು. ಪೇಟೆಗೆ ಪೇಟೆಯೇ ಸ್ತಬ್ಧ. ಗಂಡಸರು ತಲೆವಸ್ತ್ರ ತೆಗೆದು ರಸ್ತೆಯ ಎರಡೂ ಕಡೆ ಸಾಲಾಗಿ ನಿಂತರು. ಅಂಗಡಿಯವರು ಹಲಗೆ ಎಳೆದರು. ಸೊಪ್ಪು ಮಾರುವ ಬೋಜಮ್ಮ ಬುಟ್ಟಿ ಅಲ್ಲೇ ಬಿಟ್ಟು ಓಡಿಬಂದು ನನ್ನ ತೋಳು ಹಿಡಿದುಕೊಂಡು, "ಅಯ್ಯಯ್ಯೋ, ಯಾರಪ್ಪಾ ಹೋದ್ದು? ನಂಗೆ ಸುದ್ದಿಯೇ ಇಲ್ಲೆ!" ಎಂದು ಅಳತೊಡಗಿದಳು. ನಾನು ಏನು ಹೇಳಲಿ? ಅಗೋ, ಹಾರ ಹಾಕಿಸಿಕೊಂಡು ನಡೆದು ಬರುತ್ತಿದ್ದಾರೆ ನೋಡು, ಅವರೇ ಎನ್ನಲೆ? ದೊಡ್ಡವರಿಗಂತೂ ಪರಮ ಸಂತೋಷ. ಇಷ್ಟು ಶಿಸ್ತಿನ, ಇಷ್ಟು ವಿನಯದ ಜನರನ್ನು ಎಲ್ಲೂ ಕಂಡಿಲ್ಲವೆಂದು ಭಾಷಣ ಮಾಡಿದರು. ಪಕ್ಕದಲ್ಲಿ ಕುಳಿತ ತಾವೂ ತಲೆದೂಗಿದಿರಿ. ಸಿದ್ದನ ಬೆನ್ನು ತಟ್ಟಿ, "ಇದು ಸಂಗೀತ" ಎಂದಿರಿ. ಆ ಮಾತನ್ನು ತಾವು ಮರೆತಿರಬಹುದು, ಅವನು ಮನೆಗೆ ಹೋಗಿ ಹೆಂಡತಿಗೆ ಹೇಳಿಕೊಂಡಿದ್ದ.

ಆಮೇಲೆ ಯಾರೋ ಪುಣ್ಯಾತ್ಮರು ತಮ್ಮ ಕಿವಿಗೆ ಆ ವಾಲಗದ ಅರ್ಥ ಊದಿದರು. ಅಲ್ಲಿಗೆ ಸಂಗೀತವಾಗಿದ್ದದ್ದು ಅವಮಾನವಾಯಿತು, ಸಿದ್ದ ರಾಜದ್ರೋಹಿಯಾದ, ರಾಜ್ಯ ಒಂದಾದದ್ದನ್ನು ಸಹಿಸದ ಕೊಡಗಿನವರ ಕಿತಾಪತಿ ಇದೆಂದು ವರದಿಯಾಯಿತು. ಮಾನ್ಯರೇ, ನಿಜ ಹೇಳಿ, ಕುಣಿಯದ ವಾಲಗ ಬೇಕೆಂದವರು ಯಾರು? ಅದು ಏನೆಂದು ಸಿದ್ದ ಹೇಳಹೊರಟಾಗ ಬಾಯಿ ಮುಚ್ಚಿಸಿದವರು ಯಾರು? ಆ ದೊಡ್ಡವರಿಗಾದರೂ ಏನಾಯಿತು? ಗಟ್ಟಿಮುಟ್ಟಾಗಿದ್ದಾರೆ, ಬಡ್ತಿಯೂ ಸಿಕ್ಕಿತಂತೆ. ಸಿದ್ದನ ವಾಲಗಕ್ಕೆ ಅಷ್ಟು ಕೆಟ್ಟ ಶಕ್ತಿಯಿದ್ದಿದ್ದರೆ ಕಚೇರಿಗಳು ಇಷ್ಟು ತುಂಬಿರುತ್ತಿದ್ದವೆ?

ವಾದ್ಯದ ಬದಲಿಗೆ ತಾವು ನಮಗೆ ಧ್ವನಿವರ್ಧಕ ಕರುಣಿಸಿದ್ದೀರಿ. ಅಂಗಡಿಯ ಉತ್ತಯ್ಯನಿಗೆ ಅದರ ಪರವಾನಗಿ. ಅವನು ಒಳ್ಳೆಯವನು, ಅವನ ಮೇಲೆ ನನಗೆ ಸಿಟ್ಟಿಲ್ಲ. ಸಂತೆಯ ಸಂಜೆ ಅವನು ಗ್ರಾಮಫೋನಿನಲ್ಲಿ ಸಿನಿಮಾ ಹಾಡಿನ ಪ್ಲೇಟು ಹಾಕುತ್ತಾನೆ. ಪ್ಲೇಟಿಗೆ ಕಾಫಿ ಕೊಡಬೇಕಾಗಿಲ್ಲ, ಮಲಗಲು ಜಗಲಿ ಬೇಕಾಗಿಲ್ಲ, ಹಾಕಿದ್ದನ್ನೇ ಹಾಡುತ್ತದೆ. ಆದರೆ ಮೊನ್ನೆ ಪೇಟೆಯಲ್ಲೊಂದು ಮದುವೆಗೆ ಅದನ್ನೇ ಇಟ್ಟರು. ಜನ ಚಪ್ಪರದೊಳಗೆ ಕೈಕಟ್ಟಿಕೊಂಡು ನಿಂತರು. ಮದುಮಗಳ ಸೋದರಮಾವ ಒಬ್ಬನೇ ಎದ್ದು ನಾಲ್ಕು ಹೆಜ್ಜೆ ಹಾಕಿ, ನಾಚಿಕೆಯಾಗಿ ಕುಳಿತುಬಿಟ್ಟ. ಸಿದ್ದ ಜನರ ಕಾಲು ನೋಡಿಕೊಂಡು ಊದುತ್ತಿದ್ದ, ಮುದುಕರು ಎದ್ದರೆ ನಿಧಾನ ಮಾಡುತ್ತಿದ್ದ, ಹುಡುಗರು ಸೋತರೆ ಕೆಣಕುತ್ತಿದ್ದ. ಪ್ಲೇಟು ಯಾರ ಕಾಲು ನೋಡುತ್ತದೆ? ಮುತ್ತ ಈಗ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಪಿಕಿಂಗಿಗೆ ಹೋಗುತ್ತಾನೆ. ತಪ್ಪಟೆಯವರು ಸಂತೆಗೆ ಬಂದರೂ ಉಪ್ಪು ಮೆಣಸು ಕಟ್ಟಿಸಿಕೊಂಡು ಹಾಗೇ ಹೊರಟುಹೋಗುತ್ತಾರೆ. ನನ್ನ ಕರಿಹಲಗೆಯನ್ನು ಹೆಂಡತಿ ಹಿಟ್ಟಿನ ಡಬ್ಬಕ್ಕೆ ಮುಚ್ಚಿದ್ದಾಳೆ.

ಇಷ್ಟಾಗಿದ್ದರೆ ನಾನು ಹೇಗೋ ಸಹಿಸಿಕೊಂಡು ಸುಮ್ಮನಿರುತ್ತಿದ್ದೆನೇನೋ. ಹೋದ ವಾರ ಸಿದ್ದನ ಹೆಂಡತಿ ಸುಬ್ಬಿ ತೀರಿಕೊಂಡಳು. ಬಹಳ ದಿನದಿಂದ ಉಬ್ಬಸವಿತ್ತು. ನಮ್ಮ ಮಳೆಯಲ್ಲಿ ವಾಲಗದ ಪೀಪಿ ತೇವ ಹಿಡಿಯಬಾರದೆಂದು ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆ ಸುತ್ತಿ ಕಾಪಾಡುತ್ತಿದ್ದವಳು ಅವಳು. ಅವರ ಮನೆ ಪೇಟೆಯ ಹಿಂದೆ, ಸುಡುಗಾಡು ಆಚೆ ಕಡೆ, ದಾರಿ ಪೇಟೆಯ ನಡುವಿನದೇ. ಸುದ್ದಿ ಕೇಳಿ ಮುತ್ತ ಪಿಕಿಂಗಿನ ಬುಟ್ಟಿ ಬಿಸಾಡಿ ಡೋಲು ಹೊತ್ತು ಬಂದ. ದೇರಪ್ಪ ಕಾರ್ನೆಟ್ಟು ತಂದ. ಹೆಣ ಎತ್ತಿ ಬೀದಿಗೆ ಬರುವಷ್ಟರಲ್ಲಿ ಕಾನ್‌ಸ್ಟೇಬಲ್ ಕುಟ್ಟಪ್ಪ ಎದುರಿಗೆ ನಿಂತಿದ್ದ. ನಾನು ಅವನ ಮೇಲೆ ಹರಿಹಾಯ್ದೆ. ಅವನು ಕಣ್ಣಲ್ಲಿ ನೀರು ತಂದುಕೊಂಡು, "ನಮ್ಮಪ್ಪ ಹೋದಾಗ ಊದಿದ್ದು ಇವನೇ, ಕೂಸಪ್ಪಣ್ಣ. ನಾನೆಂತ ಮಾಡ್ಲಿ? ಬಿಟ್ರೆ ನನ್ನ ಕೆಲಸ ಹೋಗ್ತದೆ, ನಂಗೂ ಮಕ್ಕಳುಂಟು" ಎಂದ. ಸಿದ್ದನೇ ನನ್ನನ್ನು ತಡೆದ. "ಬೇಡ ಅಯ್ಯ. ಅವಳ ಮುಂದೆ ಜಗಳ ಬೇಡ" ಎಂದ.

ಸುಮ್ಮನೆ ಹೊರಟೆವು. ಮುತ್ತ ಡೋಲಿಗೆ ಬಟ್ಟೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಬಸ್ಸು ನಿಲ್ಲುವಲ್ಲಿಗೆ ಬಂದಾಗ ತಮ್ಮ ಪರವಾನಗಿ ಪಡೆದ ಧ್ವನಿವರ್ಧಕ ಪ್ರೇಮಗೀತೆ ಹಾಡುತ್ತಿತ್ತು. ಗಂಡು, ಬಾ ಎಂದು ಕರೆಯುತ್ತಿದ್ದ, ಹೆಣ್ಣು ನಗುತ್ತಿದ್ದಳು, ಕೆಳಗೆ ಸುಬ್ಬಿಯ ಹೆಣ ಹೋಗುತ್ತಿತ್ತು. ಉತ್ತಯ್ಯ ನೋಡಿದವನೇ ಎದ್ದುಬಿದ್ದು ಓಡಿ ಪ್ಲೇಟಿನ ಮೇಲಿನ ಮುಳ್ಳು ಎತ್ತಿದ. ಆಮೇಲೆ ಏನೂ ಇಲ್ಲ, ನಮ್ಮ ಕಾಲ ಸಪ್ಪಳ ಮಾತ್ರ. ಈ ಪೇಟೆಯಲ್ಲಿ ಬಡವನಿರಲಿ, ಸಾಹುಕಾರನಿರಲಿ, ಸಿದ್ದ ಊದದೆ ಹೋದ ಹೆಣ ನನಗೆ ನೆನಪಿಲ್ಲ. ಅವನ ಹೆಂಡತಿಗೆ ಒಂದು ಉಸಿರು ವಾಲಗ ಸಿಕ್ಕಲಿಲ್ಲ. ನಾನು ಗಂಡಸಾಗಿ ಬೀದಿಯಲ್ಲಿ ಗೋಳೋ ಎಂದು ಅತ್ತೆ, ಬರೆಯಲು ನಾಚಿಕೆಯಿಲ್ಲ. ಪೇಟೆ ಮಾತ್ರ ಬಹಳ ಶಿಸ್ತಿನಿಂದಿತ್ತು, ಗಂಭೀರವಾಗಿತ್ತು, ಒಬ್ಬನೂ ಕಾಲು ಅಲ್ಲಾಡಿಸಲಿಲ್ಲ. ತಮಗೆ ಬೇಕಾದದ್ದು ಇದೇ ಆಗಿತ್ತೆ?

ಈಗ ಆ ಸಂತೆ ದಿನದ ಮಾತು. ಸಿದ್ದನ ಮನೆಯಲ್ಲಿ ತಾತನ ಕಾಲದಿಂದ ಒಂದು ಕಟ್ಟುಪಾಡು ನಡೆದುಬಂದಿದೆ. ಮನೆಯಲ್ಲಿ ಸಾವಾದರೆ, ಹೆಣ ಸಾಗಿಸಿದ ಮೇಲೆ ಊದುವವನು ವಾಲಗ ಕೆಳಗಿಡಬೇಕು. ತಿಥಿಯ ದಿನ ಮನೆಯ ಅಂಗಳದಲ್ಲಿ, ಹೋದವರ ಹೆಸರು ಹೇಳಿ, ಮತ್ತೆ ತುಟಿಗೆ ಇಡಬೇಕು. ಆ ದಿನ ಊದದೆ ಬಿಟ್ಟರೆ ಮತ್ತೆ ಅದನ್ನು ಎತ್ತುವ ಹಾಗಿಲ್ಲ, ಹೊಳೆಗೆ ಬಿಡಬೇಕು. ಅವನ ಅಂಗಳ ತಮ್ಮ ಎಲ್ಲೆಯ ಒಳಗಿದೆ. ಸುಬ್ಬಿಯ ತಿಥಿ ಬರುವ ಸಂತೆಯ ದಿನ ಬಿದ್ದಿದೆ. ಎಲ್ಲೆಯ ಆಚೆ ಹೋಗಿ ಊದು ಎಂದು ನಾನು ಕೈಹಿಡಿದು ಬೇಡಿಕೊಂಡೆ. "ಅವಳು ಇದ್ದದ್ದು ಈ ಅಂಗಳದಲ್ಲಿ ಅಯ್ಯ. ರಸ್ತೇಲಿ ನಿಂತು ಯಾರನ್ನ ಕರೀಲಿ?" ಎಂದ. ಅಮ್ಮತ್ತಿ ಕಡೆಯ ಎಸ್ಟೇಟಿನ ಲೈನಿನಲ್ಲಿ ಅವನಿಗೊಂದು ಕೋಣೆ ಗೊತ್ತಾಗಿದೆ, ತಿಥಿ ಮುಗಿಸಿ ಹೊರಡುತ್ತಾನಂತೆ. ಅವನು ಹೋದರೆ ಈ ಪೇಟೆಯಲ್ಲಿ ಊದುವವರು ಯಾರೂ ಇಲ್ಲ, ಕಲಿತವರಿಲ್ಲ, ಕಲಿಸುವವರೂ ಇಲ್ಲ.

ಮಾನ್ಯರೇ, ನನಗೆ ದಿಕ್ಕೇ ತೋಚುತ್ತಿಲ್ಲ. ವ್ಯಂಗ್ಯವಾಡಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಕಾಲು ಹಿಡಿಯಬೇಕೆಂದರೆ ಕಚೇರಿಯ ಮೆಟ್ಟಿಲಿಗೇ ಬಂದು ಹಿಡಿಯುತ್ತೇನೆ. ಆಜ್ಞೆಯನ್ನು ಪೂರ್ತಿ ರದ್ದು ಮಾಡಿ. ಅದಕ್ಕೆ ಮೇಲಿನವರನ್ನು ಕೇಳಬೇಕೆಂದಿದ್ದರೆ ನಿಧಾನವಾಗಿ ಕೇಳಿ, ಆದರೆ ಆ ಒಂದು ಬೆಳಿಗ್ಗೆ, ಆ ಒಂದು ಅಂಗಳಕ್ಕೆ ಅನುಮತಿ ಕೊಡಿ. ಕೊಡದಿದ್ದರೆ ನಾನು ದೊಡ್ಡ ಧೈರ್ಯದವನೇನಲ್ಲ. ನನ್ನ ಹೋಟೆಲಿನ ಲೈಸೆನ್ಸೂ ತಮ್ಮ ಕೈಯಲ್ಲೇ ಇದೆ, ಅದು ನನಗೆ ನೆನಪಿದೆ. ಆದರೂ ಆ ಬೆಳಿಗ್ಗೆ ನಾನು ಹೋಟೆಲು ತೆರೆಯುವುದಿಲ್ಲ. ಸಿದ್ದನ ಅಂಗಳಕ್ಕೆ ಹೋಗಿ ಅವನ ಕೈಗೆ ವಾಲಗ ಕೊಟ್ಟು, ಊದು ಎನ್ನುತ್ತೇನೆ. ಕುಟ್ಟಪ್ಪನನ್ನು ಕಳಿಸಬೇಡಿ, ಆ ಬಡಪಾಯಿಗೆ ಇನ್ನೊಮ್ಮೆ ಆ ಪಾಪ ಬೇಡ. ಕೇಸು ಹಾಕುವುದಾದರೆ ಊದಿದವನ ಮೇಲೆ ಬೇಡ, ಊದಿಸಿದವನ ಮೇಲೆ ಹಾಕಿ. ಹುಡುಕುವ ತೊಂದರೆ ತಮಗೆ ಬೇಡವೆಂದು ವಿಳಾಸ ಕೆಳಗೆ ಬರೆದಿದ್ದೇನೆ.

ಇಂತಿ,
ಬರುವ ಸಂತೆ ದಿನದವರೆಗೆ ಮಾತ್ರ ತಮ್ಮ ವಿಧೇಯನಾಗಿರುವ
ಕೂಸಪ್ಪ
ಕಾಫಿ ಹೋಟೆಲು, ಬಸ್ಸು ನಿಲ್ಲುವ ಜಾಗದ ಎದುರಿಗೆ, ಮೂರ್ನಾಡು