ಕ್ಯಾಮೆರಾ ಎರಡರ ಹಿಂದೆ ನಿಂತವಳು

ಕಟ್ಲರ್ಸ್ ಹಾರ್ಬರ್
ಮಾರ್ಚ್ 12, 2017, ಭಾನುವಾರ

ಪ್ರೀತಿಯ ಅರ್ಲಿಂದೊ,

ಕಾಗದ ನೋಡಿ ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಹಿತ್ತಲ ಬೇಲಿಯನ್ನು ಗಾಳಿ ಮತ್ತೆ ಮಲಗಿಸಿದೆ. ನಿನ್ನ ಅಣ್ಣ ಸಿಹಿ ಬ್ರೆಡ್ಡು ಬಿಟ್ಟಿದ್ದೇನೆ ಎನ್ನುತ್ತಾನೆ, ಬೇಕರಿಯವಳು ಬೇರೆ ಕಥೆ ಹೇಳುತ್ತಾಳೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಎಲ್ಲದಕ್ಕೂ ಹೂಂ ಅನ್ನುತ್ತೀಯ, ಗಾರ್ಡ್ನರಿನಲ್ಲಿ ಹಿಮ ಬಿತ್ತಾ ಎಂದು ನಾನು ಕೇಳುತ್ತೇನೆ, ಬಿತ್ತು ಅನ್ನುತ್ತೀಯ, ಅಲ್ಲಿಗೆ ಮುಗಿಯುತ್ತದೆ. ಕಾಗದವಾದರೆ ಕೊನೆಯವರೆಗೂ ಓದುತ್ತೀಯ ಎಂದು ನನಗೆ ಗೊತ್ತು. ನಿನ್ನಿಂದ ಒಂದು ಒಪ್ಪಿಗೆ ಬೇಕಾಗಿದೆ. ಅದು ಸ್ಟುಡಿಯೋದ ವಿಷಯ. ಮತ್ತೆ ಸ್ಟುಡಿಯೋನಾ ಎಂದು ಮಡಚಿ ಇಡಬೇಡ. ಇದು ಸ್ಟುಡಿಯೋಗಿಂತ ಹೆಚ್ಚು ನಿನ್ನ ವಿಷಯ.

ಮೊದಲಿನಿಂದ ಹೇಳುತ್ತೇನೆ. ಊರವರು ಯಾರು ಬೇಕಾದರೂ ಬಂದು ಕಾರ್ಯಕ್ರಮ ಮಾಡಬಹುದು ಎಂದು ನಮ್ಮ ಚಾನೆಲ್ಲಿನ ಬಾಗಿಲ ಮೇಲೆ ಬರೆದಿದ್ದೇವಲ್ಲ, ಈಗ ಯಾರು ಬಂದರೂ ಅವರ ಮುಖ ಟಿ.ವಿ.ಯಲ್ಲಿ ನೇರಳೆಯಾಗಿ ಕಾಣುತ್ತದೆ. ಕ್ಯಾಮೆರಾಗಳಿಗೆ ಅಷ್ಟು ವಯಸ್ಸಾಗಿದೆ. ಕಳೆದ ತಿಂಗಳು ನನ್ನ ಅಡುಗೆ ಕಾರ್ಯಕ್ರಮದಲ್ಲಿ ಕೇಲ್ ಸೊಪ್ಪಿನ ಸೂಪು ಶಾಯಿಯ ಹಾಗೆ ನೀಲಿಯಾಗಿ ಬಂತು. ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಚಿತ್ರ ಬದಲಿಸುವ ಯಂತ್ರದಲ್ಲಿ ಮೂರನೇ ಗುಂಡಿ ಒಳಗೆ ಸಿಕ್ಕಿಕೊಂಡರೆ ಹೊರಗೆಳೆಯಲು ಐಸ್‌ಕ್ರೀಮ್ ಕಡ್ಡಿ ಇಟ್ಟುಕೊಂಡಿದ್ದೇವೆ. ದೀಪಗಳ ಕೆಳಗೆ ಕೂತವರು ಬೆವರಿ ಬೇಯುತ್ತಾರೆ. ಸ್ಟುಡಿಯೋ ಇರುವುದು ಶಾಲೆಯ ನೆಲಮಾಳಿಗೆಯಲ್ಲಿ, ಸಾಲದ್ದಕ್ಕೆ ಕಡಲ ತೇವ. ಎಲ್ಲಕ್ಕೂ ತುಕ್ಕು.

ಕೇಬಲ್ ಕಂಪನಿಯಿಂದ ಹೊಸ ಸಾಮಾನಿಗೆಂದು ಅನುದಾನ ಬಂದಿದೆ. ಬೇಸಿಗೆಯೊಳಗೆ ಏನು ಕೊಳ್ಳಬೇಕೆಂದು ತೀರ್ಮಾನಿಸಬೇಕಿತ್ತು. ಸಮಿತಿಯ ಅಧ್ಯಕ್ಷ ಈಗ ಡೆನ್ನಿಸ್ ಗ್ಯಾಫ್ನಿ, ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದನಲ್ಲ, ಅವನೇ. ಸೂರಿಗೆ ತೂಗುಹಾಕುವ ಪುಟ್ಟ ಕ್ಯಾಮೆರಾಗಳನ್ನು ತರೋಣ, ಅವು ತಾವೇ ತಿರುಗುತ್ತವೆ, ಒಳಗಿನ ಕೋಣೆಯಲ್ಲಿ ಒಬ್ಬರು ಕೂತು ಒಂದು ಹಿಡಿಕೆ ಅಲ್ಲಾಡಿಸಿದರೆ ಸಾಕು ಎಂದ. ನಾನು ಕೂಡಲೇ ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ಯೋಜನೆಯನ್ನು ನಾನೇ ಕೂತು ಬರೆದೆ. ಪ್ರತಿ ವಾರ ಕ್ಯಾಮೆರಾ ಹಿಡಿಯುವ ಸ್ವಯಂಸೇವಕರಿಗೆ ಫೋನ್ ಮಾಡಿ, ಮೊಣಕಾಲು ಹೇಗಿದೆ, ಬರ್ತೀರಾ ಎಂದು ಗೋಗರೆದು ನನಗೂ ಸಾಕಾಗಿತ್ತು. ಎರ್ಮೀನಿಯಾಗೆ ಮಾತ್ರ ವಿಷಯ ಹೇಳಲು ಬಾಯಿ ಬರಲಿಲ್ಲ. ನೀನು ನೋಡಿದ್ದೀಯ, ಗಂಡ ತೀರಿಹೋದಾಗಿನಿಂದ ಅವಳು ಎರಡನೇ ಕ್ಯಾಮೆರಾ ಬಿಟ್ಟು ಬೇರೆ ಯಾವುದನ್ನೂ ನೆಚ್ಚಿಕೊಂಡಿಲ್ಲ. ಕೊನೆಗೆ ಅವಳೇ ಕೇಳಿದಳು.

"ಅಂದ್ರೆ ಇನ್ಮೇಲೆ ನಾನು ಬಂದು ಏನ್ ಮಾಡ್ಲಿ? ನೆಲ ಗುಡಿಸ್ಲಾ?"

"ನೀವು ಆರಾಮಾಗಿ ಕೂತ್ಕೊಂಡು ನೋಡಿ, ಎರ್ಮೀನಿಯಾ," ಎಂದೆ.

"ಕೂತ್ಕೊಂಡು ನೋಡೋಕೆ ನಮ್ಮನೇಲೂ ಟಿ.ವಿ. ಇದೆ," ಎಂದು ಕೋಟು ಹಾಕಿಕೊಂಡು ಹೋದಳು.

ಮೊನ್ನೆ ಮಂಗಳವಾರ ಕಂಪನಿಯಿಂದ ಒಬ್ಬ ಹುಡುಗ ಪ್ರಯೋಗಕ್ಕೆಂದು ಮೂರು ಕ್ಯಾಮೆರಾ ತಂದು ಸಿಕ್ಕಿಸಿದ. ಅವುಗಳ ಮುಂದೆ ಕೂತು ಮಾತಾಡಲು ಒಬ್ಬರು ಬೇಕಿತ್ತು. ಅಮಾನ್ಸಿಯೊ ಭಾವನನ್ನು ಕರೆದೆ. ಇಷ್ಟು ವರ್ಷ ಎಷ್ಟು ಸಲ ಕರೆದರೂ ಬಾರದವನು ಈ ಸಲ ಕ್ಷೌರ ಮಾಡಿಸಿಕೊಂಡು ಬಂದ. ಬಲೆ ಹೆಣೆಯುವುದರ ಬಗ್ಗೆ ನಾಲ್ಕು ಮಾತು ಹೇಳು ಸಾಕು ಎಂದೆ. ಪ್ರಶ್ನೆ ಕೇಳಲು ಡೆನ್ನಿಸ್ ಎದುರಿಗೆ ಕೂತ. ನಾನು ಒಳಗೆ ಹಿಡಿಕೆ ಹಿಡಿದು ಕೂತೆ. ಎರ್ಮೀನಿಯಾ ಬಂದಿದ್ದಳು, ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಆಸ್ಪತ್ರೆಯಲ್ಲಿ ಸರದಿ ಕಾಯುವವಳ ಹಾಗೆ.

ಸುಳ್ಳು ಹೇಳುವುದಿಲ್ಲ, ಚಿತ್ರ ಬಹಳ ಚೆನ್ನಾಗಿತ್ತು. ನಿನ್ನ ಅಣ್ಣನ ಹುಬ್ಬಿನ ಒಂದೊಂದು ಕೂದಲೂ ಕಾಣುತ್ತಿತ್ತು. ಬಲೆಯ ಮಾತು ಮುಗಿಯಿತು. ಡೆನ್ನಿಸ್ ಕಾಗದ ನೋಡಿ, "ನಿಮ್ಮ 'ಅಲ್ಬಾ' ದೋಣಿ ಮುಳುಗಿದ್ದು ಯಾವ ಚಳಿಗಾಲ?" ಎಂದು ಕೇಳಿದ. ಆ ಪ್ರಶ್ನೆ ಕೇಳು ಎಂದು ನಾನು ಹೇಳಿರಲಿಲ್ಲ, ದಯವಿಟ್ಟು ನಂಬು. ಬೇಡ ಎಂದು ಹೇಳಲು ನಾನು ಮೈಕಿನ ಗುಂಡಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಭಾವ, "ಅದನ್ನ ಹೇಳ್ಬೇಕು ಅಂತಾನೇ ಬಂದೆ," ಎಂದ.

ಆದರೆ ಹೇಳಲು ಆಗಲಿಲ್ಲ. ಹಿಮಗಟ್ಟಿದ ಹಗ್ಗ, ರಾಡಾರು ಕೆಟ್ಟದ್ದು, ಇಷ್ಟು ಹೇಳಿ ಬಾಯಿ ಕಟ್ಟಿತು. ಡೆನ್ನಿಸ್ ಮುಂದಿನ ಪ್ರಶ್ನೆ ಹುಡುಕುತ್ತ ತಲೆ ತಗ್ಗಿಸಿದ್ದ. ಭಾವ ಕ್ಯಾಮೆರಾಗಳ ಕಡೆ ನೋಡಿದ. ಒಂದು ಗುಂಯ್ ಎಂದು ತಿರುಗಿತು, ಇನ್ನೊಂದು ಅವನ ಮುಖವನ್ನು ಹತ್ತಿರಕ್ಕೆ ತಂದುಕೊಂಡಿತು. ತಿರುಗಿಸುತ್ತಿದ್ದವಳು ನಾನೇ. ಅವನು ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿ, "ಯಾರಿಗೆ ಹೇಳ್ಲಿ ನಾನಿದನ್ನ? ಇಲ್ಲಿ ಯಾರೂ ಇಲ್ವಲ್ಲ," ಎಂದ. ಆ ದನಿ ಕೇಳಿ ನಾನು ಹಿಡಿಕೆ ಬಿಟ್ಟುಬಿಟ್ಟೆ.

ಎರ್ಮೀನಿಯಾ ಎದ್ದಳು. ಕೈಚೀಲ ಕುರ್ಚಿಯ ಮೇಲಿಟ್ಟು, ನಿಧಾನವಾಗಿ ನಡೆದು, ತನ್ನ ಹಳೆಯ ಎರಡನೇ ಕ್ಯಾಮೆರಾದ ಪಕ್ಕದಲ್ಲಿ ಹೋಗಿ ನಿಂತಳು. ಎದೆಯ ಮೇಲೆ ಅಂಗೈ ಇಟ್ಟುಕೊಂಡು ಅವನನ್ನು ನೋಡುತ್ತ ನಿಂತಳು. ಕ್ಯಾಮೆರಾ ಹಿಂದೆ ನಿಂತಾಗಲೆಲ್ಲ ಅವಳು ಹೀಗೆಯೇ ನಿಲ್ಲುತ್ತಿದ್ದಳಂತೆ. ನಾನು ಸದಾ ಒಳಗಿನ ಕೋಣೆಯಲ್ಲಿ, ನನಗೆ ಕ್ಯಾಮೆರಾ ಕಂಡದ್ದು ಮಾತ್ರ ಕಾಣುತ್ತದೆ. ಬಂದವರೆಲ್ಲ ಇಷ್ಟು ವರ್ಷ ಟಿ.ವಿ.ಗೆ ಮಾತಾಡುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ಎರ್ಮೀನಿಯಾ ಜೊತೆ ಮಾತಾಡುತ್ತಿದ್ದರು.

ಭಾವ ಅವಳಿಗೆ ಹೇಳಿದ. ಅವನ ಮಾತಿನಲ್ಲೇ ಬರೆಯುತ್ತೇನೆ.

"ಊರೆಲ್ಲ ನಾನೇ ನನ್ನ ತಮ್ಮನನ್ನ ಉಳಿಸ್ದೆ ಅಂದ್ಕೊಂಡಿದೆ. ಕರೆದು ಫಲಕ ಬೇರೆ ಕೊಟ್ರು. ಅದು ಉಲ್ಟಾ, ಎರ್ಮೀನಿಯಾ. ದೋಣಿ ಮಗುಚಿದಾಗ ನನ್ನ ಕೈ ಆಗ್ಲೇ ಸೋತಿತ್ತು. ಅರ್ಲಿಂದೊ ನನ್ನ ಕಾಲರ್ ಹಿಡ್ಕೊಂಡ. ಒಂದ್ ಕೈಲಿ ಹಲಗೆ, ಇನ್ನೊಂದ್ ಕೈಲಿ ನಾನು. ನಮ್ಮ ಗ್ಲೋರಿಯಾ ಚಿಕ್ಕಮ್ಮನ ಮಗ ಜುವಾಕಿಂ ಆ ಕಡೆ ಕೂಗ್ತಿದ್ದ. ಅರ್ಲಿಂದೊಗೆ ಇದ್ದಿದ್ದೇ ಎರಡು ಕೈ. ಆಮೇಲೆ ಜುವಾಕಿಂ ಕೂಗ್ಲಿಲ್ಲ."

ಎರ್ಮೀನಿಯಾಳನ್ನೇ ನೋಡುತ್ತ ಮುಂದುವರಿಸಿದ.

"ನಿದ್ದೆ ಮಾಡ್ಬೇಡ ಅಂತ ಅರ್ಲಿಂದೊ ನನ್ನ ಬೈತಾನೇ ಇದ್ದ. ಗೊತ್ತಿದ್ದ ಬೈಗುಳ ಎಲ್ಲ ಖಾಲಿ ಆಯ್ತು. ಆಮೇಲೆ ಅವರ ಮನೆ ಅಡುಗೆ ಕಪಾಟಲ್ಲಿ ಏನೇನಿದೆ ಅಂತ ಶುರು ಮಾಡ್ದ. ಮದ್ವೆ ಆದ ಹೊಸದು. ಮೇಲ್ಗಡೆ ಕಾಫಿ ಡಬ್ಬಿ, ನೀಲಿ ಬಟ್ಟಲು ಎರಡು, ಒಂದರ ಅಂಚು ಒಡೆದಿದೆ. ಕೆಳ್ಗಡೆ ಉಪ್ಪಿನ ಜಾಡಿ, ಮೆಣಸಿನ ಗೊಜ್ಜು, ಹೆಂಡ್ತಿ ಒಡೀಲಿಯಾಳ ಅಮ್ಮ ಕೊಟ್ಟ ಕಲ್ಲು ಒರಳು. ಮುಗಿದ್ರೆ ಮತ್ತೆ ಮೇಲಿಂದ. ನನ್ ಕೈಲೂ ಹೇಳಿಸ್ತಿದ್ದ. ತಪ್ಪಿದ್ರೆ ತಿದ್ದುತಿದ್ದ. ಬಟ್ಟಲು ಎಡಗಡೆ ಕಣೋ ಅಣ್ಣ, ಬಲಗಡೆ ಅಲ್ಲ, ಅಂತ. ಕರಾವಳಿ ಕಾವಲಿನವರು ನಮ್ಮನ್ನ ಎತ್ತುವಾಗ್ಲೂ ಅವನ ಬಾಯಿ ನಿಂತಿರ್ಲಿಲ್ಲ. ದಡಕ್ಕೆ ಬಂದ್ಮೇಲೆ ಒಂದೇ ಮಾತು ಹೇಳ್ದ. ಗ್ಲೋರಿಯಾ ಚಿಕ್ಕಮ್ಮ ಬದುಕಿರೋ ತನಕ ನಾನು ಯಾರನ್ನ ಹಿಡ್ಕೊಂಡೆ ಅಂತ ಅವಳಿಗೆ ಗೊತ್ತಾಗ್ಬಾರ್ದು. ನೀನೇ ನನ್ನ ಹಿಡ್ಕೊಂಡೆ ಅಂತ ಹೇಳು. ಚಿಕ್ಕಮ್ಮ ಮೊನ್ನೆ ಶರತ್ಕಾಲದಲ್ಲಿ ಹೋದ್ರು. ಅದಕ್ಕೇ ಇವತ್ತು ಹೇಳ್ತಿದೀನಿ."

ಅರ್ಲಿಂದೊ, ಚಿಕ್ಕಮ್ಮನ ಮಣ್ಣಿಗೆ ನೀನು ಬಂದು, ಚರ್ಚಿನ ಹೊರಗೇ ನಿಂತು, ಊಟಕ್ಕೂ ನಿಲ್ಲದೆ ಹೊರಟುಹೋದೆ. ಜನ ಏನೇನೋ ಅಂದರು. ನಾನೂ ಮನಸ್ಸಿನಲ್ಲಿ ಅಂದುಕೊಂಡೆ.

ಭಾವ ಹೇಳಿ ಮುಗಿಸಿದ ಮೇಲೆ ನಾನು ಹೊರಗೆ ಹೋಗಲಿಲ್ಲ. ಕಿವಿಗೆ ಹಾಕಿಕೊಂಡ ಹೆಡ್‌ಫೋನ್ ತೆಗೆಯದೆ ಕೂತಿದ್ದೆ. ಮಂಜು ಕವಿದು ಬಂದರಿನ ಕೊಂಬು ಕೂಗಿದಾಗಲೆಲ್ಲ ನೀನು ತಿನ್ನುತ್ತಿದ್ದ ತಟ್ಟೆ ಬಿಟ್ಟು ಬಾಯ್ಲರ್ ನೋಡಿ ಬರುತ್ತೇನೆಂದು ನೆಲಮಾಳಿಗೆಗೆ ಇಳಿಯುತ್ತಿದ್ದೆಯಲ್ಲ, ಅದು ನೆನಪಾಯಿತು. ನನ್ನ ಮಾತು ನಿನಗೆ ಬೇಸರ ತರಿಸುತ್ತದೆ ಎಂದುಕೊಂಡಿದ್ದೆ. ನೀನು ನಿವೃತ್ತಿಯಾದ ವರ್ಷ, ಕಡಲಿನ ಸದ್ದು ಕೇಳದ ಕಡೆ ಹೋಗೋಣ ಬಾ ಎಂದು ನನ್ನನ್ನು ಕರೆದೆ. ಸ್ಟುಡಿಯೋ ಯಾರು ನೋಡಿಕೊಳ್ಳುತ್ತಾರೆ ಎಂದು ನಾನು ಕೇಳಿದೆ. ನೀನು ಎರಡನೇ ಸಲ ಕರೆಯಲಿಲ್ಲ, ನಾನು ಯಾಕೆಂದು ಕೇಳಲಿಲ್ಲ. ನೀನು ಗಾರ್ಡ್ನರಿಗೆ ಹೋಗಿ ಕುರ್ಚಿ ರಿಪೇರಿಯ ಅಂಗಡಿ ಇಟ್ಟೆ. ನಾವು ಜಗಳವನ್ನೂ ಆಡಲಿಲ್ಲ. ಆಡಿದ್ದರೆ ಏನಾದರೂ ಬಾಯಿಗೆ ಬರುತ್ತಿತ್ತೇನೋ.

ಹೊರಗೆ ಕಂಪನಿಯ ಹುಡುಗ ಕಣ್ಣೊರೆಸಿಕೊಳ್ಳುತ್ತ ತನ್ನ ವೈರುಗಳನ್ನು ಸುತ್ತುತ್ತಿದ್ದ. ನಾನು ಭಾವನಿಗೆ, ಈ ರೆಕಾರ್ಡಿಂಗ್ ಏನು ಮಾಡಲಿ, ಅಳಿಸಲಾ ಎಂದು ಕೇಳಿದೆ.

"ನಾನಿರೋದ್ರೊಳಗೆ ಊರಿಗೆ ಗೊತ್ತಾದ್ರೆ ನನಗೆ ನೆಮ್ಮದಿ. ಆದ್ರೆ ಅದು ಅವನದ್ದು. ಅವನ್ನ ಕೇಳು. ಬೇಡ ಅಂದ್ರೆ ಅಳಿಸಿಬಿಡು," ಎಂದ. ಆಮೇಲೆ, "ನೀನು ಕೇಳಿದ್ರೆ ಅವನು ಮಾತಾಡ್ತಾನೆ. ನಾನು ಕೇಳಿದ್ರೆ ಹೂಂ ಅಂತಾನೆ," ಎಂದ. ನಿನ್ನ ಹೂಂ ನನ್ನೊಬ್ಬಳ ಪಾಲಿಗೆ ಬಂದದ್ದಲ್ಲ ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು.

ಗುರುವಾರ ಸಂಜೆ ಸಮಿತಿ ಸೇರಿತು. ನನ್ನ ಯೋಜನೆಯನ್ನು ನಾನೇ ಬೇಡ ಎಂದೆ. ಡೆನ್ನಿಸ್ ಕನ್ನಡಕ ತೆಗೆದಿಟ್ಟ.

"ಒಡೀಲಿಯಾ, ಇದು ನೀವೇ ಬರೆದಿದ್ದು. ಎರಡು ತಿಂಗಳು ಇದಕ್ಕೇ ಓಡಾಡಿದ್ದೀವಿ. ಕ್ಯಾಮೆರಾ ಹಿಡಿಯೋರು ಸಿಗ್ತಿಲ್ಲ ಅಂತ ಅಳ್ತಿದ್ದೋರೂ ನೀವೇ."

"ಹೌದು. ಕ್ಯಾಮೆರಾ ಹಿಡಿಯೋಕೆ ಮಾತ್ರ ಜನ ಬೇಕು ಅಂದ್ಕೊಂಡಿದ್ದೆ. ಕೇಳಿಸ್ಕೊಳ್ಳೋಕೂ ಬೇಕು. ಮೊನ್ನೆ ನಿಮ್ಮೆದುರೇ ಆಯ್ತಲ್ಲ."

ಅವನು ಕನ್ನಡಕವನ್ನು ಮತ್ತೆ ಹಾಕಿಕೊಂಡ. ಆಮೇಲೆ, "ನಾನು ಆಗ ಕಾಗದ ನೋಡ್ತಿದ್ದೆ," ಎಂದ. ಅವನು ಕೆಟ್ಟವನಲ್ಲ, ಪಾಠ ಮಾಡಿ ಮಾಡಿ ಮುಂದಿನ ಪುಟದ ಮೇಲೇ ಕಣ್ಣು.

ಅಲ್ಲಿಂದ ಎಲ್ಲರೂ ಮಾತಾಡಿದರು. ತಾನೇ ತಿರುಗುವ ಕ್ಯಾಮೆರಾ ಒಂದನ್ನು ಪುರಭವನದ ಸಭಾಂಗಣಕ್ಕೆ ಕೊಳ್ಳುತ್ತೇವೆ. ಅಲ್ಲಿ ಒಳಚರಂಡಿ ಚರ್ಚೆ ಮುಗಿಯುವವರೆಗೆ ನಿಂತಿರಲು ಯಾವ ಮನುಷ್ಯನಿಗೂ ಇಷ್ಟವಿಲ್ಲ. ಸ್ಟುಡಿಯೋಕ್ಕೆ ಹೊಸ ಕ್ಯಾಮೆರಾ ಮೂರೂ ಬರುತ್ತವೆ, ಆದರೆ ಮೂರರ ಹಿಂದೆಯೂ ಜನ ನಿಲ್ಲುತ್ತಾರೆ. ಹಗುರವಾದವು, ಒಂದು ಬೆರಳಲ್ಲಿ ಮೇಲೆ ಕೆಳಗೆ ಮಾಡಬಹುದಾದ ಸ್ಟ್ಯಾಂಡುಗಳ ಮೇಲೆ ನಿಲ್ಲುವಂಥವು. ಗಾಲಿಕುರ್ಚಿಯ ಲೊರೇನ್ ಇನ್ನು ಮೇಲೆ ಬರೀ ಫೋನ್ ಎತ್ತುತ್ತ ಕೂರಬೇಕಿಲ್ಲ, ಮೊದಲನೇ ಕ್ಯಾಮೆರಾ ಅವಳದ್ದು. ಬಿಸಿಯಾಗದ ದೀಪ, ಚಿತ್ರ ಬದಲಿಸುವ ಹೊಸ ಯಂತ್ರ, ತೇವ ಹೀರುವ ಯಂತ್ರ. ಎರ್ಮೀನಿಯಾ ಹಿಂದಿನ ಸಾಲಿನಲ್ಲಿ ಕೂತಿದ್ದವಳು, "ಹಾಗೇ ನನ್ನ ಮೊಣಕಾಲಿಗೂ ಹೊಸದೊಂದು ಸೇರಿಸಿ, ಹಳೇದಕ್ಕೆ ಬಿಡಿಭಾಗ ಸಿಗ್ತಿಲ್ಲ," ಎಂದಳು. ನಗುತ್ತಲೇ ಎಲ್ಲರೂ ಕೈ ಎತ್ತಿದರು. ಸಭೆ ಮುಗಿದ ಮೇಲೆ ಡೆನ್ನಿಸ್ ಅವಳ ಹತ್ತಿರ ಹೋಗಿ, ಹೇಗೆ ನಿಲ್ಲಬೇಕು, ತೋರಿಸಿಕೊಡಿ ಎಂದು ಕೇಳಿದ. "ಮೊದ್ಲು ಕಾಗದ ಕೆಳಗಿಡಿ," ಎಂದಳು.

ಈಗ ನಿನ್ನ ಒಪ್ಪಿಗೆಯ ವಿಷಯ. ಆ ರೆಕಾರ್ಡಿಂಗ್ ನನ್ನ ಮೇಜಿನ ಡ್ರಾಯರಿನಲ್ಲಿದೆ. ನೀನು ಹೇಳುವವರೆಗೆ ಯಾರೂ ನೋಡುವುದಿಲ್ಲ. ಪ್ರಸಾರ ಮಾಡು ಎಂದರೆ ಮಾಡುತ್ತೇನೆ, ಅಳಿಸು ಎಂದರೆ ಮರುಮಾತಿಲ್ಲದೆ ಅಳಿಸುತ್ತೇನೆ. ಆ ಕೋಣೆಯಲ್ಲಿದ್ದ ನಾವು ಐದು ಜನ ಯಾರಿಗೂ ಬಾಯಿ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಜುವಾಕಿಂ ಬಗ್ಗೆ ನಾನೇನೂ ಬರೆಯುವುದಿಲ್ಲ. ನಿನಗೆ ಎರಡೇ ಕೈ ಇದ್ದವು ಎಂದು ನಿನ್ನ ಅಣ್ಣ ಹೇಳಿದ ಮೇಲೆ ನಾನು ಹೇಳುವುದು ಏನೂ ಉಳಿದಿಲ್ಲ. ನೀನು ಇಷ್ಟು ವರ್ಷ ಇದನ್ನು ಒಬ್ಬನೇ ಹೊತ್ತುಕೊಂಡಿದ್ದೆ, ಅದೂ ನನ್ನ ಪಕ್ಕದಲ್ಲೇ ಮಲಗಿ. ಅದೊಂದನ್ನು ನನಗೆ ತಡೆದುಕೊಳ್ಳಲಾಗುತ್ತಿಲ್ಲ.

ಬೆಚ್ಚಗಿರು. ಅಂಗಡಿಯ ಒಲೆಗೆ ಸೌದೆ ಕಡಿಮೆ ಹಾಕಿ ಉಳಿತಾಯ ಮಾಡಬೇಡ.

ನಿನ್ನ
ಒಡೀಲಿಯಾ

ತಾ.ಕ.: ಹಳೆಯ ವೈರುಗಳನ್ನು ಕಿತ್ತು ಗೋಡೆಗೆ ಬಣ್ಣ ಬಳಿಯುವುದಕ್ಕೆ ಸ್ಟುಡಿಯೋ ಕೆಲವು ವಾರ ಮುಚ್ಚಿರುತ್ತದೆ. ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಸಭೆಯಲ್ಲಿ ಕೇಳಿದರು. ಎರ್ಮೀನಿಯಾ ಹತ್ತಿರ, ನಾನು ಊರಲ್ಲಿರುವುದಿಲ್ಲ ಎಂದೆ. ಎಲ್ಲಿಗೆ ಹೋಗ್ತೀರಿ ಎಂದು ಡೆನ್ನಿಸ್ ಕೇಳಿದ. ಗಂಡನ ಮನೆಗೆ ಎಂದೆ. ಈ ವಯಸ್ಸಿನಲ್ಲಿ, ಅಷ್ಟು ಜನರ ಮುಂದೆ, ನಿನ್ನನ್ನು ಒಂದು ಮಾತೂ ಕೇಳದೆ ಹಾಗೆ ಹೇಳಿಬಿಟ್ಟಿದ್ದೇನೆ. ಮುಂದಿನ ವಾರ ಗುರುವಾರದ ಬಸ್ಸು ಮಧ್ಯಾಹ್ನ ಗಾರ್ಡ್ನರ್ ತಲುಪುತ್ತದಂತೆ. ನಿನ್ನನ್ನು ಇಲ್ಲಿಗೆ ಕರೆತರಲೆಂದು ನಾನು ಬರುತ್ತಿಲ್ಲ, ಅಲ್ಲಿ ನಿನ್ನ ಜೊತೆ ಇರಲು ಬರುತ್ತಿದ್ದೇನೆ. ಬೇಡ ಎಂದಾದರೆ ಫೋನ್ ಮಾಡು. ಬಾ ಎಂದಾದರೆ ಫೋನ್ ಬೇಡ, ಬಸ್ ನಿಲ್ದಾಣಕ್ಕೆ ಬಂದು ನಿಲ್ಲು.