ನೀರಿನ ಮೇಲಿನ ಪೊರೆ

ಭಾನುವಾರ, ಮಾರ್ಚ್ ಹದಿನಾರು, ಮಧ್ಯಾಹ್ನ ಮೂರು ಗಂಟೆ. ನಿನ್ನ ಅಮ್ಮ ಒಳಕೋಣೆಯಲ್ಲಿ ಮಲಗಿದ್ದಾಳೆ. ನಾನು ಪುಸ್ತಕ ಬೈಂಡಿಂಗ್ ಮಾಡುವ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ.

ಮಗಳೇ,

ನೀನು ಕೆಲಸಕ್ಕೆಂದು ಹೋಗುವಾಗ ನಮಗೆ ಒಪ್ಪಿಸಿದ ಐದು ಮೀನುಗಳೂ ಚೆನ್ನಾಗಿವೆ ಎಂದು ಹೋದ ಪತ್ರದಲ್ಲಿ ಬರೆದಿದ್ದೆ. ಆಗಲೇ ಉಳಿದಿದ್ದದ್ದು ಮೂರು. ಈಗ ಎರಡು. ನೀನು ದಪ್ಪಣ್ಣ ಎನ್ನುತ್ತಿದ್ದದ್ದು ಇನ್ನೂ ಇದೆ.

ಮೊದಲು ಕಂಡದ್ದು ಗಾಜಿನ ತೊಟ್ಟಿಯಲ್ಲಿ ನೀರಿನ ಮೇಲಿನ ಪೊರೆ. ಹಾಲಿನ ಕೆನೆಗಿಂತ ತೆಳು, ಕಿಟಕಿಯ ಬೆಳಕು ಬಿದ್ದಾಗ ಎಣ್ಣೆಯ ಹಾಗೆ ಬಣ್ಣ ಬಿಡುತ್ತಿತ್ತು. ನಿನ್ನ ಅಮ್ಮ ನೋಡಿದವಳೇ, 'ರೀ, ಅಂಟಿನ ಕೈ ಅದ್ದಿದ್ದೀರಿ. ನೀವು ಮುಟ್ಟಿದ್ದೆಲ್ಲ ಅಂಟೇ' ಅಂದಳು. ಬಾಗಿಲ ಚಿಲಕ, ಸ್ವಿಚ್ಚು, ನಿನ್ನ ಶಾಲೆಯ ರಿಬ್ಬನ್ನು, ಎಲ್ಲದಕ್ಕೂ ಈ ಮಾತು ಕೇಳಿಸಿಕೊಂಡವನು ನಾನು. ಒಪ್ಪಿಕೊಂಡೆ. ಪುಸ್ತಕಗಳಿಗೆ ಬಳಸುವ ತೆಳು ಕಾಗದವನ್ನು ಒಂದು ಅಂಚಿನಿಂದ ನೀರಿನ ಮೇಲೆ ಮಲಗಿಸಿ ನಿಧಾನಕ್ಕೆ ಎತ್ತಿದರೆ ಪೊರೆ ಅದಕ್ಕೆ ಹತ್ತಿಕೊಂಡು ಬರುತ್ತದೆ. ಅಷ್ಟು ಕೈಚಳಕ ನನಗಿದೆ. ಆದರೆ ಬೆಳಿಗ್ಗೆ ತೆಗೆದರೆ ಸಂಜೆಗೆ ಮತ್ತೆ ಕಟ್ಟುತ್ತಿತ್ತು.

ಆಮೇಲೆ ನೀರೇ ಅಕ್ಕಿ ತೊಳೆದ ಹಾಗೆ ಬೆಳ್ಳಗಾಯಿತು. ನಾನು ತೊಟ್ಟಿಯ ನೀರನ್ನು ಪೂರ್ತಿ ಬದಲಿಸಿದೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಕೊಳೆ ಹೋಗುವವರೆಗೂ ಹಿಂಡಿದೆ. ಎರಡು ದಿನಕ್ಕೆ ಇನ್ನೂ ಕದಡಿತು. ಮೀನಿನಂಗಡಿಯವನಿಗೆ ಹೇಳಿದರೆ ಹಣೆ ಚಚ್ಚಿಕೊಂಡ. ನೀರನ್ನು ತಿಳಿಯಾಗಿಡುವ ಜೀವಾಣುಗಳು ಇರುವುದೇ ಆ ಕೊಳೆಯಲ್ಲಂತೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ತೆಗೆಯಬೇಕಂತೆ, ನೀರನ್ನು ಕಾಲುಭಾಗ ಮಾತ್ರ ಬದಲಿಸಬೇಕಂತೆ. ದಿನಕ್ಕೆ ಎಷ್ಟು ಸಲ ಆಹಾರ ಹಾಕುತ್ತೀರಿ ಎಂದು ಕೇಳಿದ. ಒಂದೇ ಚಿಟಿಕೆ, ಹಾಕುವವಳು ನನ್ನ ಹೆಂಡತಿ, ಅವಳ ಅಳತೆ ತಪ್ಪುವುದಿಲ್ಲ ಎಂದೆ. 'ಸಾರ್, ಹಸಿದು ಸತ್ತ ಮೀನು ನಾನು ನೋಡಿಲ್ಲ. ತಿಂದು ಸತ್ತದ್ದೇ ಎಲ್ಲ' ಅಂದ.

ಅಳತೆ ತಪ್ಪುವುದಿಲ್ಲ ಎಂದದ್ದು ಬಾಯಿಮಾತಲ್ಲ. ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಇಪ್ಪತ್ತಾರು ವರ್ಷದಿಂದ ಮಾತ್ರೆ ಎಣಿಸಿ ಕವರಿಗೆ ಹಾಕಿ, ಮೇಲೆ ಬೆಳಿಗ್ಗೆ ಎಷ್ಟು ಸಂಜೆ ಎಷ್ಟು ಎಂದು ಬರೆದುಕೊಡುತ್ತಿರುವವಳು ಅವಳು.

ಮರುದಿನ ಈ ಮೇಜಿನಿಂದ ನೋಡುತ್ತ ಕೂತೆ. ಏಳಕ್ಕೆ ಒಂದು ಚಿಟಿಕೆ ಹಾಕಿದಳು. ಸ್ನಾನ ಮುಗಿಸಿ ಬಂದು ಮತ್ತೆ ಹಾಕಿದಳು. ಹೆಗಲಿಗೆ ಚೀಲ ಹಾಕಿಕೊಂಡು ಹೊರಟವಳು ತೊಟ್ಟಿಯ ಮುಂದೆ ನಿಂತು, 'ಪಾಪ, ಹೇಗೆ ಬಾಯಿ ಬಿಡ್ತಿವೆ ನೋಡಿ. ನೀವಂತೂ ಹಾಕಲ್ಲ' ಎಂದು ಮೂರನೆಯ ಸಲ ಹಾಕಿದಳು. ಮಾರನೆಯ ದಿನ ಅವಳು ಮೊದಲ ಸಲ ಹಾಕಿದ ಮೇಲೆ, 'ಇವತ್ತು ಹಾಕಿ ಆಯಿತು' ಎಂದು ಚೀಟಿ ಬರೆದು ಗಾಜಿಗೆ ಅಂಟಿಸಿದೆ. ಅವಳು ಓದಿ, ಇದು ನಿನ್ನೆಯದು ಎಂದು ಕಿತ್ತುಹಾಕಿದಳು. ಮತ್ತೆ ಹಾಕಿದಳು.

ಮೊನ್ನೆ ಗುರುವಾರ ಊಟಕ್ಕೆ ಕೂತಾಗ ನಗುತ್ತ ಒಂದು ಸಂಗತಿ ಹೇಳಿದಳು. ಒಬ್ಬ ಅಜ್ಜಿ ಮೊಮ್ಮಗುವಿನ ಮಾತ್ರೆಯ ಕವರನ್ನು ಕಿಟಕಿಗೆ ವಾಪಸು ತಂದಿದ್ದಳಂತೆ. ಆಸ್ಪತ್ರೆಯ ಡಾಕ್ಟರಮ್ಮನ ಚೀಟಿಯಲ್ಲಿ ಅರ್ಧ ಎಂದಿತ್ತು, ಕವರಿನ ಮೇಲೆ ಎರಡು ಎಂದಿತ್ತು. 'ಆ ಅಜ್ಜಿಗೆ ಕಣ್ಣು ಕಾಣಲ್ಲ, ಬಾಯಿ ಮಾತ್ರ ಜೋರು' ಅಂದಳು. ನಾನೂ ನಕ್ಕೆ. ಶುಕ್ರವಾರ, ಶನಿವಾರ ಅವಳು ಕೆಲಸಕ್ಕೆ ಹೋದಳು. ನಾನು ತಡೆಯಲಿಲ್ಲ.

ಇವತ್ತು ಆಸ್ಪತ್ರೆಗೆ ರಜೆ. ನಾಳೆ ಎಂಟೂವರೆಗೆ ಅವಳು ಮನೆ ಬಿಡುತ್ತಾಳೆ. ನಾನು ಏಳಕ್ಕೇ ಡಾಕ್ಟರಮ್ಮನ ಮನೆಗೆ ಹೋಗಿ, ಇವಳನ್ನು ಇನ್ನು ಆ ಕಿಟಕಿಯಲ್ಲಿ ಕೂರಿಸಬೇಡಿ, ಮೊದಲು ಪರೀಕ್ಷೆ ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಅವಳಿಗೇ ಮೊದಲು ಹೇಳುವುದು ನ್ಯಾಯ, ಗೊತ್ತು. ಹೇಳಿದರೆ ಅವಳು ನಕ್ಕು ಅಂಟಿನ ಮಾತು ತೆಗೆಯುತ್ತಾಳೆ, ನಾನು ಒಪ್ಪಿಕೊಂಡುಬಿಡುತ್ತೇನೆ. ಈ ಪತ್ರ ನಿನ್ನ ಕೈ ಸೇರುವಷ್ಟರಲ್ಲಿ ಅವಳು ನನ್ನ ಜೊತೆ ಮಾತು ಬಿಟ್ಟಿರಬಹುದು. ಬೈಯುವುದಿದ್ದರೆ ನನ್ನನ್ನು ಬೈ. ಅವಳಿಗೆ ಬರೆಯುವಾಗ ಮೀನಿನ ವಿಷಯ ಎತ್ತಬೇಡ.

ನಿನ್ನ
ಅಪ್ಪ

ಸಹಿ ಮಾಡಿದ ಮೇಲೆ: ಮರೆತಿದ್ದೆ ಎಂದು ಬರೆಯಲಾರೆ. ನನ್ನ ರಕ್ತದೊತ್ತಡದ ಮಾತ್ರೆಯನ್ನು ಬೆಳಿಗ್ಗೆ ಲೋಟದ ಪಕ್ಕ ಇಡುವವಳೂ ಅವಳೇ. ಕೆಲವು ದಿನ, ಒಂದು ನುಂಗಿದ ಮೇಲೆ ಇನ್ನೊಂದನ್ನು ತಂದಿಡುತ್ತಾಳೆ. ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ಬಂದು ದಾರದ ಡಬ್ಬಿಗೆ ಹಾಕುತ್ತೇನೆ. ಈಗ ಅದರಲ್ಲಿ ಮೂವತ್ತನಾಲ್ಕು ಇವೆ. ನೀರಿನ ಮೇಲೆ ಮೊದಲ ಸಲ ಪೊರೆ ಕಂಡ ದಿನ ಹನ್ನೊಂದು ಇದ್ದವು. ನಾಳೆ ಆ ಡಬ್ಬಿಯನ್ನೂ ಒಯ್ಯುತ್ತೇನೆ.